ಮಾರಿಯೋನ ಪರದೆ, ಕಾಕಾನ ಮಂಗ

ನನಗೆ ಹತ್ತು ವರ್ಷ ಇದ್ದಾಗ ನಮ್ಮ ಮನೆಯ ಟೀವಿಗೆ ಬಣ್ಣ ಇರಲಿಲ್ಲ. ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಟೀವಿ. ಚಾನೆಲ್ ತಿರುಗಿಸುವ ಗುಂಡಿ ಕಿತ್ತುಹೋಗಿತ್ತು, ಇಕ್ಕಳ ಹಾಕಿ ತಿರುಗಿಸಬೇಕು. ಹಾಗಾಗಿ ಟೀವಿಯ ತಲೆಯ ಮೇಲೆ ಅವ್ವ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಒಂದು ಇಕ್ಕಳ. ಇದು 1997ರ ಮಾತು. ಅದೇ ವರ್ಷ ಬಾಗಲಕೋಟೆ ಬೇರೆ ಜಿಲ್ಲೆ ಆಯಿತು, ಬಾದಾಮಿಯ ನಾವು ವಿಜಾಪುರ ಜಿಲ್ಲೆಯಿಂದ ಹೊರಬಿದ್ದೆವು. ಅಪ್ಪನಿಗೆ ಆ ವರ್ಷ ಅಂದರೆ ಅದೇ ನೆನಪು. ನನಗೆ ನೆನಪಿರುವುದು ದೀಪಾವಳಿಗೆ ಸೋದರಮಾವ ತಂದುಕೊಟ್ಟ ಟೀವಿ ಗೇಮ್.

ಗೇಮ್ ಜೊತೆ ಬಂದ ಹಳದಿ ಕ್ಯಾಸೆಟ್ ಮೇಲೆ 9999999 ಆಟಗಳು ಅಂತ ಬರೆದಿತ್ತು. ಎಣಿಸಿದರೆ ಏಳು. ಉಳಿದವೆಲ್ಲ ಅವೇ ಏಳು, ಹೆಸರು ಮಾತ್ರ ಬೇರೆ. ಆ ಏಳರಲ್ಲಿ ಒಂದು ಮಾರಿಯೋ, ಆ ಹೆಸರಿನವನು ಓಡುತ್ತ ಜಿಗಿಯುತ್ತ ಮುಂದೆ ಹೋಗುವ ಆಟ.

ಬಣ್ಣದ ಟೀವಿ ಇದ್ದ ಹುಡುಗರಿಗೆ ಕಾಣದ ಒಂದು ಸಂಗತಿ ನನಗೆ ಮೊದಲ ವಾರವೇ ಕಂಡಿತ್ತು. ಮೇಲೆ ತೇಲುವ ಮೋಡ, ಕೆಳಗೆ ನೆಲದ ಮೇಲಿನ ಪೊದೆ, ಎರಡೂ ಒಂದೇ ಚಿತ್ರ! ಅದೇ ಗುಂಡು ಗುಂಡು ಅಂಚು, ಮೂರು ಉಬ್ಬು, ಒಳಗೆ ಅವೇ ಡೊಂಕು ಗೆರೆಗಳು. ಬಣ್ಣವೇ ಇಲ್ಲದ ಟೀವಿಯಲ್ಲಿ ಮೋಡ ಯಾವುದು, ಪೊದೆ ಯಾವುದು? ಮೇಲಿದ್ದರೆ ಮೋಡ, ಕೆಳಗಿದ್ದರೆ ಪೊದೆ, ಅಷ್ಟೇ. ಶಾಲೆಯಲ್ಲಿ ಹೇಳಿದೆ. "ಪೊದೆ ಹಸರ ಇರತೈತಲೇ, ಮೋಡ ಬೆಳ್ಳಗ ಇರತೈತಿ, ನಿಮ್ಮ ಟೀವಿ ಕೆಟ್ಟೈತಿ" ಅಂತ ನಕ್ಕರು. ಒಬ್ಬನಂತೂ ಮನೆಗೆ ಕರೆದುಕೊಂಡು ಹೋಗಿ ಅವರ ಬಣ್ಣದ ಟೀವಿಯಲ್ಲಿ ತೋರಿಸಿದ. ಅಲ್ಲಿ ನೋಡಿದರೆ ನನಗೇ ಅನುಮಾನ ಬಂತು. ಹಸಿರು ಹಸಿರಾಗಿ, ಬಿಳಿ ಬಿಳಿಯಾಗಿ ಎಷ್ಟು ಬೇರೆ ಬೇರೆ ಕಾಣುತ್ತಿದ್ದವು ಅಂದರೆ ನಾನು ಸುಮ್ನೆ ಬಾಯಿ ಮುಚ್ಚಿಕೊಂಡು ಅವರ ಮನೆಯ ಚುರುಮುರಿ ತಿಂದು ಬಂದೆ.

ನನ್ನ ಮಾತು ನಂಬಿದವನು ಒಬ್ಬನೇ. ನಮ್ಮ ಕಾಕಾ.

ಕಾಕಾ ನಾಟಕದ ಪರದೆ ಬರೆಯುತ್ತಿದ್ದ. ಬರಿ ಪರದೆ ಅಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಕಂಪನಿ ನಾಟಕಗಳಿಗೆ, ಊರ ಹುಡುಗರು ಜಾತ್ರೆಗೆ ಆಡುವ ನಾಟಕಗಳಿಗೆ ಹಿಂದೆ ಇಳಿಬಿಡುವ ದೊಡ್ಡ ದೊಡ್ಡ ಸೀನರಿಗಳು ಇರುತ್ತಿದ್ದವಲ್ಲ, ಅವು. ದರ್ಬಾರಿನ ಸೀನು, ಕಾಡಿನ ಸೀನು, ರಸ್ತೆ ಸೀನು, ಜೈಲು. ಮಂಜರಪಾಟ ಬಟ್ಟೆ ಹೊಲಿದು, ಗೋಡೆಗೆ ಬಿಗಿದು, ಸ್ಟೋವ್ ಮೇಲೆ ಸರೇಸು ಕರಗಿಸಿ ಅದರಲ್ಲಿ ಪುಡಿ ಬಣ್ಣ ಕಲಸುತ್ತಿದ್ದ. ಆ ಸರೇಸಿನ ವಾಸನೆಗೆ ಅವ್ವ ಒಂದು ವಾರ ಅವನ ಜೊತೆ ಮಾತು ಬಿಡುತ್ತಿದ್ದಳು. ದಾರಕ್ಕೆ ನೀಲಿ ಬಳಿದು, ಎರಡೂ ತುದಿ ಎಳೆದು ಹಿಡಿದು, ನಡುವೆ ಎತ್ತಿ ಬಿಟ್ಟರೆ ಬಟ್ಟೆಯ ಮೇಲೆ ಪಟ್ ಅಂತ ನೇರ ಗೆರೆ. ಒಂದು ತುದಿ ಹಿಡಿಯುವ ಕೆಲಸ ನನ್ನದು. ಹೀಗೆ ಚೌಕ ಚೌಕ ಹಾಕಿಕೊಂಡು ಅಂಗೈ ಅಗಲದ ಕಾಗದದಲ್ಲಿದ್ದ ಅರಮನೆಯನ್ನು ಇಪ್ಪತ್ತು ಅಡಿಯ ಬಟ್ಟೆಗೆ ಏರಿಸುತ್ತಿದ್ದ. ನಾಟಕದ ಸೀಸನ್ ಇಲ್ಲದಾಗ ಅಂಗಡಿಯ ಬೋರ್ಡು, ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಹೆಸರು, ಚುನಾವಣೆ ಬಂದರೆ ಗೋಡೆ. ಎರಡು ಪಕ್ಷದ ಗೋಡೆಯನ್ನೂ ಅವನೇ ಬರೆಯುತ್ತಿದ್ದ.

ಮೋಡ-ಪೊದೆ ತೋರಿಸಿದಾಗ ಕಾಕಾ ಟೀವಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿದ. ನಗಲಿಲ್ಲ. "ಪಾಪ, ಆ ಪೇಂಟರನ ಹತ್ರ ಒಂದ ಅಚ್ಚು ಇದ್ದಿರಬೇಕು" ಅಂದ.

ಆ ಮಾತು ಎಷ್ಟು ಸರಿ ಅಂತ ಗೊತ್ತಾಗಲು ನನಗೆ ಹದಿನೈದು ವರ್ಷ ಬೇಕಾಯಿತು. 1985ರ ಆ ಮೊದಲ ಮಾರಿಯೋ ಆಟ ಪೂರ್ತಿಯಾಗಿ 40 ಕಿಲೋಬೈಟ್. ಈಗ ನಿಮ್ಮ ವಾಟ್ಸಾಪಿಗೆ ಬೆಳಗ್ಗೆ ಬರುವ ಗುಲಾಬಿ ಹೂವಿನ ಶುಭೋದಯ ಅದಕ್ಕಿಂತ ದೊಡ್ಡದು. ಆ 40ರಲ್ಲಿ ಚಿತ್ರಗಳ ಪಾಲಿಗೆ ಬಂದದ್ದು 8 ಮಾತ್ರ. ಚಿತ್ರ ಅಂದರೂ ಇಡೀ ಚಿತ್ರ ಅಲ್ಲ. ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಪುಟ್ಟ ಬಿಲ್ಲೆಗಳು. ಹಿನ್ನೆಲೆಗೆ ಅಂತ 256 ಬಿಲ್ಲೆ. ಅಕ್ಷರ, ಅಂಕಿ, ಇಟ್ಟಿಗೆ, ಕೊಳವೆ, ಕೋಟೆ, ಗುಡ್ಡ, ಮೋಡ, ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಬಿಲ್ಲೆಯಲ್ಲಿ ಆಕಾರ ಮಾತ್ರ ಇರುತ್ತದೆ, ಬಣ್ಣ ಇರುವುದಿಲ್ಲ. ಯಾವ ಜಾಗದಲ್ಲಿ ಯಾವ ಬಣ್ಣದ ಡಬ್ಬಿ ಅಂತ ಬೇರೆ ಪಟ್ಟಿ ಇರುತ್ತದೆ. ಅಚ್ಚು ಒಂದು, ಹಸಿರಲ್ಲಿ ಅದ್ದಿದರೆ ಪೊದೆ, ಬಿಳಿಯಲ್ಲಿ ಅದ್ದಿದರೆ ಮೋಡ. ಕಾಕಾ ಹೇಳಿದ್ದು ಇದನ್ನೇ ಅಲ್ವಾ?

ನಮ್ಮ ಟೀವಿ ಆ ಬಣ್ಣದ ಪಟ್ಟಿಯನ್ನು ತೋರಿಸುತ್ತಿರಲಿಲ್ಲ. ಅಚ್ಚು ಉಳಿಯುತ್ತಿತ್ತು. ಬಡತನಕ್ಕೂ ಒಂದೊಂದು ಸಲ ಕಣ್ಣು ಚುರುಕು ಇರುತ್ತದೆ ಅಂತ ಬರೆಯಬೇಕು ಅನ್ನಿಸುತ್ತದೆ, ಆದರೆ ಆಗ ನಾನು ಬಣ್ಣದ ಟೀವಿಗಾಗಿ ಎರಡು ದಿನ ಊಟ ಬಿಟ್ಟು ಅತ್ತಿದ್ದೂ ನೆನಪಿದೆ.

ಮರುವರ್ಷ ಇನ್ನೊಂದು ಕ್ಯಾಸೆಟ್ ಸಿಕ್ಕಿತು. ಓಣಿಯ ಹುಡುಗನೊಬ್ಬ ಸೊಲ್ಲಾಪುರದಿಂದ ತಂದದ್ದು, ವಾರಕ್ಕೆ ಐದು ರೂಪಾಯಿ ಬಾಡಿಗೆಗೆ ಕೊಟ್ಟ. ಮಾರಿಯೋ 3. ಜಪಾನಿನಲ್ಲಿ 1988ರಲ್ಲಿ ಬಂದ ಆಟ ಅದು. ಬಾದಾಮಿಗೆ ಬರಲು ಹತ್ತು ವರ್ಷ ಹಿಡಿಯಿತು, ಅದು ಬೇರೆ ಮಾತು.

ಆಟ ಹಚ್ಚಿದ ಕೂಡಲೇ ಮೊದಲು ಕಾಣುವುದು ಒಂದು ಪರದೆ. ಮಡಿಕೆ ಮಡಿಕೆಯಾಗಿ ಇಳಿಬಿಟ್ಟ ಪರದೆ. ಅದು ಮೇಲೆ ಏಳುತ್ತದೆ. ಕೆಳಗೆ ಚೌಕಳಿ ನೆಲ. ಆಮೇಲೆ ಮಾರಿಯೋ, ಅವನ ತಮ್ಮ ಲುಯಿಜಿ ಇಬ್ಬರೂ ಬಂದು ಓಡಾಡುತ್ತಾರೆ. ಇದನ್ನೆಲ್ಲ ನೋಡುವ ತಾಳ್ಮೆ ನಮಗೆಲ್ಲಿ? ಸ್ಟಾರ್ಟ್ ಒತ್ತಿ ಮುಂದೆ ಹೋಗುತ್ತಿದ್ದೆವು. ಕಾಕಾ ಆವತ್ತು ಜ್ವರ ಬಂದು ಮನೆಯಲ್ಲಿದ್ದ. ಗೋಡೆಗೆ ಒರಗಿ ಕೂತು ನೋಡುತ್ತಿದ್ದವನು ಇದ್ದಕ್ಕಿದ್ದಂತೆ "ತಡೀ ತಡೀ, ನಿಲ್ಲಸ ಅದನ್ನ" ಅಂದ. ನಿಲ್ಲಿಸಿದೆ.

ಮೊದಲ ಹಂತದ ಶುರುವಿನಲ್ಲೇ ದೊಡ್ಡ ದೊಡ್ಡ ಚೌಕಾಕಾರದ ಹಲಗೆಗಳಿವೆ. ಒಂದರ ಹಿಂದೆ ಒಂದು ನಿಲ್ಲಿಸಿದ ಹಾಗೆ. ಮಾರಿಯೋ ಅವುಗಳ ಮೇಲೆ ಹತ್ತಬಹುದು, ಮುಂದಿನಿಂದ ದಾಟಿಯೂ ಹೋಗಬಹುದು. ಕಾಕಾ ಎದ್ದು ಬಂದು ಒಂದು ಹಲಗೆಯ ಬಲಗಡೆ ಬೆರಳಿಟ್ಟ.

"ಇದೇನಿದು ಕರ್ರಗ?"

"ನೆರಳು."

"ಯಾವದರ ಮ್ಯಾಲ ಬಿದ್ದೈತಿ?"

"ಆಕಾಶದ ಮ್ಯಾಲ."

"ಆಕಾಶದ ಮ್ಯಾಲ ನೆರಳ ಬೀಳತೈತೇನಲೇ ಖೋಡಿ? ನೆರಳ ಬಟ್ಟಿ ಮ್ಯಾಲ ಬೀಳತೈತಿ. ಇದು ಪಡದೆ. ನಾಟಕ ನಡದೈತಿ ಇಲ್ಲಿ."

ಅವನಿಗೆ ಅದು ಹೇಗೆ ಹೊಳೆಯಿತು ಅಂದರೆ, ಅದು ಅವನ ಕಸುಬಿನ ದೊಡ್ಡ ತಲೆನೋವು. ಆಕಾಶ ಬರೆದ ಪರದೆ ಹಿಂದೆ ಇರುತ್ತದೆ, ಮುಂದೆ ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು ಮಾಡಿದ ಗಿಡವೋ ಗುಡಿಸಲೋ ನಿಲ್ಲಿಸುತ್ತಾರೆ. ಲೈಟಿನವನು ಸ್ವಲ್ಪ ಎಡವಟ್ಟು ಮಾಡಿದರೂ ಗುಡಿಸಲಿನ ನೆರಳು ಹೋಗಿ ಆಕಾಶದ ಮೇಲೆ ಬೀಳುತ್ತದೆ. ಅಷ್ಟೊತ್ತು ಮೈಲಿ ದೂರ ಕಾಣುತ್ತಿದ್ದ ಆಕಾಶ ಒಂದೇ ಏಟಿಗೆ ಮೂರು ಅಡಿ ಹಿಂದಿನ ಬಟ್ಟೆ ಆಗುತ್ತದೆ. ಹಿಂದೆ ಕೂತ ಜನಕ್ಕೆ ಗೊತ್ತಾಗದಿರಬಹುದು. ಪರದೆ ಬರೆದವನಿಗೆ ಮೈ ಉರಿಯುತ್ತದೆ. ಮಾರಿಯೋ ನೋಡಿದಾಗಲೂ ಕಾಕಾ ಮೊದಲು ಬೈದದ್ದು ಲೈಟಿನವನನ್ನು. "ಕೆಲಸ ಗೊತ್ತಿಲ್ಲದಾಂವ" ಅಂದ.

ನಮ್ಮ ಟೀವಿಯಲ್ಲಿ ಬಣ್ಣ ಇಲ್ಲದ್ದರಿಂದ ಆ ನೆರಳು ಇನ್ನೂ ಕಪ್ಪಗೆ ಎದ್ದು ಕಾಣುತ್ತಿತ್ತು. ಅದೂ ಕಾರಣ ಇರಬೇಕು.

ಆಮೇಲೆ ಅವನು ಒಂದೊಂದೇ ತೋರಿಸುತ್ತ ಹೋದ. ಹಲಗೆಯ ನಾಲ್ಕು ಮೂಲೆಯಲ್ಲಿ ಸ್ಕ್ರೂ ಇವೆ, ಅಂದರೆ ಹಿಂದಿನ ಗೋಡೆಗೆ ಬಿಗಿದಿದ್ದಾರೆ. ಕೆಲವು ಮೇಲಿನಿಂದ ತೂಗುಬಿಟ್ಟ ಹಾಗಿವೆ, ಮೇಲೆ ಯಾರೋ ಹಗ್ಗ ಹಿಡಿದು ಕೂತಿರಬೇಕು. ಹಂತ ಮುಗಿಯುವಾಗ ಹಿನ್ನೆಲೆಯ ಚಿತ್ರ ಒಮ್ಮೆಲೆ ನಿಂತು ಬರೀ ಕತ್ತಲು ಬರುತ್ತದೆ. ಮಾರಿಯೋ ಅಲ್ಲಿ ತಿರುಗುವ ಚೀಟಿಯನ್ನು ಮುಟ್ಟಿ ಬಲಗಡೆಗೆ ನಡೆದು ಮರೆಯಾಗುತ್ತಾನೆ. "ಪಡದೆ ಮುಗೀತು. ವಿಂಗಿನೊಳಗ ಹೊಂಟ. ಒಳಗ ಹೋಗಿ ಬೀಡಿ ಹಚ್ಚತಾನ ಈಗ" ಅಂದ ಕಾಕಾ.

ನಾನು ಒಪ್ಪಲಿಲ್ಲ. ನನಗೆ ಸಿಟ್ಟೇ ಬಂತು. ಮಾರಿಯೋ ನಿಜವಾಗಿ ರಾಜಕುಮಾರಿಯನ್ನು ಬಿಡಿಸಲು ಹೊರಟಿದ್ದಾನೆ ಅಂತ ನಾನು ನಂಬಿದ್ದೆ. ಅದು ನಾಟಕ ಅಂದರೆ ಏನರ್ಥ? ಅವನಿಗೆ ಅಡ್ಡ ಬರುವ ಆಮೆಗಳು ಸತ್ತ ಹಾಗೆ ಮಾಡಿ ಆಮೇಲೆ ಎದ್ದು ಚಹಾ ಕುಡಿಯುತ್ತವಾ?

ನನ್ನ ವಾದ ಮುರಿದದ್ದು ಕ್ಯಾಸೆಟ್ ಬಾಡಿಗೆಗೆ ಕೊಟ್ಟ ಹುಡುಗನಿಂದ. ಮೂರನೇ ಹಂತದಲ್ಲಿ ಒಂದು ಬಿಳಿ ಹಲಗೆ ಇದೆ. ಅದರ ಮೇಲೆ ನಿಂತು ಕೆಳಗಿನ ಬಟನ್ ಒತ್ತಿ ಹಿಡಿಯಬೇಕು. ಮಾರಿಯೋ ಕುಕ್ಕರಿಸುತ್ತಾನೆ. ಒಂದು, ಎರಡು, ಮೂರು, ನಾಲ್ಕು, ಐದು ಎಣಿಸುವ ಹೊತ್ತಿಗೆ ಧಪ್ ಅಂತ ಹಲಗೆಯ ಒಳಗಿನಿಂದ ಕೆಳಗೆ ಬೀಳುತ್ತಾನೆ. ಬಿದ್ದ ಮೇಲೆ ಅವನು ಪೊದೆಗಳ ಹಿಂದೆ, ಹಲಗೆಗಳ ಹಿಂದೆ ಓಡುತ್ತಾನೆ. ಹಾಗೆಯೇ ಓಡಿ ಕೊನೆಯ ಕತ್ತಲಿನ ಹಿಂದಕ್ಕೂ ಹೋದರೆ ಒಂದು ಮಾಯದ ಕೊಳಲು ಸಿಗುತ್ತದೆ. ಅದನ್ನು ಊದಿದರೆ ಸುಂಟರಗಾಳಿ ಬಂದು ಹೊತ್ತುಕೊಂಡು ಹೋಗುತ್ತದೆ, ಎಷ್ಟೋ ಹಂತ ಆಡದೆಯೇ ಮುಂದಿನ ಲೋಕ ಮುಟ್ಟಬಹುದು. ಓಣಿಯ ಹುಡುಗರಿಗೆಲ್ಲ ಕೊಳಲೇ ದೊಡ್ಡದು. ಕಾಕಾನಿಗೆ ಮಾತ್ರ ಆ ಓಟ. ತೊಡೆ ತಟ್ಟಿಕೊಂಡು ನಕ್ಕ. "ನೋಡಲೇ, ಪಡದೆ ಹಿಂದ ಹೋದ! ನಾ ಹೇಳಿದ್ನಿಲ್ಲ!" ಅವನು ಸಣ್ಣವನಿದ್ದಾಗ ಬನಶಂಕರಿ ಜಾತ್ರೆಯಲ್ಲಿ ಟಿಕೆಟಿಗೆ ದುಡ್ಡಿಲ್ಲದೆ ನಾಟಕದ ಟೆಂಟಿನ ಹಿಂದೆ ನುಸುಳಿ, ಪರದೆಯ ಹಿಂದೆ ತೆವಳುತ್ತ ಹೋಗಿ ಸೈಡ್ ವಿಂಗಿನಲ್ಲಿ ಕೂತು ಪೂರ್ತಿ ನಾಟಕ ನೋಡಿದ್ದನಂತೆ. ಪರದೆಯ ಕಸುಬು ಹತ್ತಿದ್ದು ಅಲ್ಲಿಂದಲೇ. ನಾಟಕ ನೆನಪಿಲ್ಲ, ಬಟ್ಟೆಯ ಹಿಂಬದಿ ನೆನಪಿದೆ ಅನ್ನುತ್ತಿದ್ದ.

ಬನಶಂಕರಿ ಜಾತ್ರೆ ನೋಡದವರಿಗೆ ಒಂದು ಮಾತು. ಬಾದಾಮಿಯಿಂದ ಐದು ಕಿಲೋಮೀಟರ್, ಚೊಳಚಗುಡ್ಡದಲ್ಲಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ಒಂದು ಟೆಂಟಿನ ಡೈಲಾಗ್ ಇನ್ನೊಂದು ಟೆಂಟಿಗೆ ಕೇಳುತ್ತದೆ. ಇಲ್ಲಿ ಗಂಡ ಸಾಯುವಾಗ ಅಲ್ಲಿ ಹಾಸ್ಯ ನಡೆದಿರುತ್ತದೆ. ಜನ ಬೆಳಗಿನ ಜಾವದವರೆಗೆ ನಾಟಕ ನೋಡಿ, ದೇವಸ್ಥಾನದ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ರೊಟ್ಟಿ, ಕಾಳುಪಲ್ಯ, ಮೊಸರು ತಿಂದು ಮನೆಗೆ ಹೋಗುತ್ತಾರೆ.

ಆ ಜಾತ್ರೆಯಲ್ಲೇ ನನಗೆ ಕಾಕಾನ ಮಂಗ ಕಂಡದ್ದು.

ಹನ್ನೆರಡೋ ಹದಿಮೂರೋ ವರ್ಷ ನನಗೆ. ಕಾಕಾ, ನಾನು ಒಂದು ನಾಟಕಕ್ಕೆ ಹೋಗಿದ್ದೆವು. ದರ್ಬಾರಿನ ಸೀನು ಇಳಿಬಿಟ್ಟರು. ಕಾಕಾ ನನ್ನ ಕಿವಿಯಲ್ಲಿ "ಎಡಗಡೆ ಮೂರನೇ ಕಂಬದ ಮ್ಯಾಲ ನೋಡು" ಅಂದ. ಕಂಬದ ತುದಿಯಲ್ಲಿ, ಬಳ್ಳಿಯ ಅಲಂಕಾರದ ನಡುವೆ, ಒಂದು ಮಂಗ ಕೂತಿತ್ತು. ನಮಗೆ ಬೆನ್ನು ತೋರಿಸಿ ಕೂತ ಪುಟ್ಟ ಮಂಗ. ಬಾಲ ಕಂಬದ ಬಳ್ಳಿಯಲ್ಲಿ ಸೇರಿಹೋಗಿತ್ತು. ಹೇಳದಿದ್ದರೆ ಜನ್ಮದಲ್ಲಿ ಕಾಣುವುದಿಲ್ಲ. ಮುಂದಿನದು ಕಾಡಿನ ಸೀನು. ಅದರಲ್ಲೂ ಇತ್ತು, ಆಲದ ಬಿಳಲುಗಳ ಮಧ್ಯೆ. ಜೈಲಿನ ಸೀನಿನಲ್ಲಿ ಕಿಟಕಿಯ ಸರಳುಗಳ ಆಚೆ. ಎಲ್ಲ ಕಡೆ ಬೆನ್ನು ಮಾಡಿಯೇ ಕೂತಿತ್ತು. ಬಾದಾಮಿಯಲ್ಲಿ ಹುಟ್ಟಿದವನಿಗೆ ಮಂಗ ಬಿಟ್ಟು ಇನ್ನೇನು ನೆನಪಾಗಬೇಕು? ನಮ್ಮ ಹೆಂಚಿನ ಮೇಲೆ ದಿನಾ ಅವೇ.

ಯಾಕೆ ಅಂತ ಕೇಳಿದೆ. ಒಂದು ಸಲ "ದೃಷ್ಟಿ ಆಗಬಾರದು ಅಂತ" ಅಂದ. ಇನ್ನೊಂದು ಸಲ "ಅದು ನಾನ" ಅಂದ. ಮೂರನೇ ಸಲ ನಿಜ ಹೇಳಿದ. ಹಿಂದೊಮ್ಮೆ ಒಂದು ಕಂಪನಿಯವರು ಆರು ಪರದೆ ಬರೆಸಿಕೊಂಡು ಅರ್ಧ ದುಡ್ಡು ಕೊಟ್ಟು ಹೋದರು. ಎರಡು ವರ್ಷ ಬಿಟ್ಟು ಬೇರೆ ಊರಿನ ಜಾತ್ರೆಯಲ್ಲಿ ಕಾಕಾನಿಗೆ ಅವೇ ಪರದೆ ಕಂಡವು, ಬೇರೆ ಹೆಸರಿನ ಕಂಪನಿಯಲ್ಲಿ. ಹೋಗಿ ಕೇಳಿದರೆ ಮಾಲೀಕ "ಇವು ನೀನ ಬರದಿದ್ದು ಅಂತ ಏನ ಗುರುತು?" ಅಂದ. ಗುರುತು ಏನೂ ಇರಲಿಲ್ಲ. ಪರದೆಯ ಮೇಲೆ ಬರೆದವನ ಹೆಸರು ಹಾಕುವುದಕ್ಕೆ ಕಂಪನಿಯವರು ಬಿಡುತ್ತಿರಲಿಲ್ಲ. ಅದಾದ ಮೇಲೆ ಶುರುವಾಯಿತು ಮಂಗ. ಮುಂದೆ ಒಂದು ಸಲ ಅದು ಕೆಲಸಕ್ಕೂ ಬಂತು. ಬಾಕಿ ಉಳಿಸಿಕೊಂಡ ಇನ್ನೊಬ್ಬನಿಗೆ ಎಲ್ಲರೆದುರು ಅವನ ಪರದೆಗಳನ್ನೆಲ್ಲ ಬಿಡಿಸಿ ಒಂದೊಂದರ ಮಂಗ ತೋರಿಸಿ ದುಡ್ಡು ಇಸಿದುಕೊಂಡು ಬಂದ. ಪೂರ್ತಿ ಅಲ್ಲ, ಮುಕ್ಕಾಲು.

ಈ ಕಥೆ ನೆನಪಾಗುವುದು ವಾರೆನ್ ರಾಬಿನೆಟ್ ಹೆಸರು ಕೇಳಿದಾಗಲೆಲ್ಲ. ಅಮೆರಿಕದ ವಿಡಿಯೋ ಗೇಮ್ ಕಂಪನಿ ಅಟಾರಿ ಆಗ ಆಟ ಮಾಡಿದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. 'ಅಡ್ವೆಂಚರ್' ಅನ್ನುವ ಆಟವನ್ನು ಈ ಮನುಷ್ಯ ಒಬ್ಬನೇ ಮಾಡಿದ. ಇಡೀ ಆಟ 4 ಕಿಲೋಬೈಟ್. ಅಷ್ಟರಲ್ಲೇ ಯಾರಿಗೂ ಹೇಳದೆ ಒಂದು ಗುಟ್ಟಿನ ಕೋಣೆ ಕಟ್ಟಿದ. ಹಿನ್ನೆಲೆಯ ಬಣ್ಣದ್ದೇ ಒಂದು ಬೂದು ಚುಕ್ಕೆ, ಕಣ್ಣಿಗೆ ಕಾಣದ ಹಾಗೆ ಬಿದ್ದಿರುತ್ತದೆ. ಅದನ್ನು ಹುಡುಕಿ, ಹೊತ್ತುಕೊಂಡು ಸರಿಯಾದ ಜಾಗಕ್ಕೆ ತಂದರೆ ಗೋಡೆ ದಾಟಿ ಒಳಗೆ ಹೋಗಬಹುದು. ಒಳಗೆ ಬಣ್ಣ ಬದಲಿಸುತ್ತ ಮಿನುಗುವ ಅಕ್ಷರಗಳು: ಇದನ್ನು ಮಾಡಿದವನು ವಾರೆನ್ ರಾಬಿನೆಟ್. ಅವನು ಕೆಲಸ ಬಿಟ್ಟು ಹೋದ ಮೇಲೆ, 1980ರಲ್ಲಿ, ಸಾಲ್ಟ್ ಲೇಕ್ ಸಿಟಿಯ ಹದಿನೈದು ವರ್ಷದ ಹುಡುಗನೊಬ್ಬ ಹುಡುಕಿ ಕಂಪನಿಗೆ ಪತ್ರ ಬರೆದ. ಅಟಾರಿಯ ಸ್ಟೀವ್ ರೈಟ್ ಅನ್ನುವವರು, ಇರಲಿ ಬಿಡಿ, ಈಸ್ಟರ್ ಹಬ್ಬದಲ್ಲಿ ಮೊಟ್ಟೆ ಅಡಗಿಸಿಟ್ಟು ಮಕ್ಕಳಿಂದ ಹುಡುಕಿಸುವ ಹಾಗೆ ಇದು ಅಂದರು. ಅಲ್ಲಿಂದ ಆಟಗಳಲ್ಲಿ ಅಡಗಿಸಿಟ್ಟದ್ದಕ್ಕೆಲ್ಲ ಈಸ್ಟರ್ ಎಗ್ ಅನ್ನುವ ಹೆಸರೇ ಬಿತ್ತು. ನಾವು ಮಂಗ ಅಂತಲೂ ಕರೆಯಬಹುದಿತ್ತು.

ಕಾಕಾನಿಗೆ ಇದನ್ನು ಹೇಳಿದಾಗ ಅವನು ಪಟ್ಟದಕಲ್ಲಿಗೆ ಹೋದ. ಅವನ ಮಾತು ಯಾವಾಗಲೂ ಹಾಗೇ, ಎಲ್ಲಿಂದ ಶುರುವಾದರೂ ನಮ್ಮ ತಾಲೂಕಿನ ಒಳಗೇ ಬಂದು ನಿಲ್ಲುತ್ತದೆ. ಎಂಟನೇ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಗುಂಡ ಅನಿವಾರಿತಾಚಾರಿ ಅಂತ ಶಿಲ್ಪಿಯ ಹೆಸರಿದೆ. ತ್ರಿಭುವನಾಚಾರಿ ಅಂತ ಬಿರುದು ಕೊಟ್ಟದ್ದೂ ಇದೆ. "ನೋಡು, ರಾಣಿ ಕಲ್ಲಿನ್ಯಾಗ ಹೆಸರ ಕೆತ್ತಿಸಿದ್ಲು. ನಮ್ಮ ಮಾಲಕ ಚಹಾ ಸೈತ ಕುಡಸಲಿಲ್ಲ" ಅಂದ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆಟದ ಹಿನ್ನೆಲೆಯಲ್ಲಿ ಅಡಗಿರುವ ಚಿತ್ರಗಳಿಗೆ ಜನ ಭಾರಿ ಭಾರಿ ಅರ್ಥ ಹಚ್ಚುತ್ತಾರೆ. ಯೂಟ್ಯೂಬಿನಲ್ಲಿ ಒಂದು ತಾಸಿನ ವಿಡಿಯೋಗಳಿವೆ. ಮಾರಿಯೋ ಸತ್ತಿದ್ದಾನೆ, ಇದೆಲ್ಲ ಅವನ ಕನಸು, ಹೀಗೆ. ನನಗೆ ಅವು ಹಿಡಿಸುವುದಿಲ್ಲ. ಪರದೆ ಬರೆಯುವ ಮನೆಯಲ್ಲಿ ಬೆಳೆದವನಿಗೆ ಮೊದಲು ಬರುವ ಅನುಮಾನವೇ ಬೇರೆ. ಬಣ್ಣ ಕಮ್ಮಿ ಬಿತ್ತೋ? ದುಡ್ಡು ಬಾಕಿ ಇತ್ತೋ? ಇಬ್ಬರು ಪೇಂಟರು ಜಗಳ ಆಡಿದರೋ?

ಜಗಳದ ಉದಾಹರಣೆಯೂ ಇದೆ. ಬಾಗಲಕೋಟೆಯಲ್ಲಿ ಕಾಲೇಜು ಓದುವಾಗ ನವನಗರದ ಸೈಬರ್ ಕೆಫೆಯಲ್ಲಿ ತಾಸಿಗೆ ಹದಿನೈದು ರೂಪಾಯಿ ಕೊಟ್ಟು ಜಿಟಿಎ ಸರಣಿಯ ವೈಸ್ ಸಿಟಿ ಅನ್ನುವ ಕಂಪ್ಯೂಟರ್ ಆಟ ಆಡುತ್ತಿದ್ದೆವು. ಕಥೆ ಯಾರಿಗೂ ಬೇಕಿರಲಿಲ್ಲ. ಕಾರು ಕದಿಯುವುದು, ಪೊಲೀಸರಿಂದ ಓಡುವುದು, ಮುಗೀತು. ಒಂದು ದಿನ ಗೆಳೆಯನೊಬ್ಬ ಸುಮ್ನೆ ದೂರದ ಬಂದೂಕು ತೆಗೆದು ಚಂದ್ರನಿಗೆ ಗುಂಡು ಹೊಡೆದ. ಚಂದ್ರ ದೊಡ್ಡದಾಯಿತು! ಮತ್ತೆ ಹೊಡೆದರೆ ಅಳತೆ ಮತ್ತೆ ಬದಲು. ಕೆಫೆಯಲ್ಲಿದ್ದ ಹತ್ತೂ ಜನ ಎದ್ದು ಬಂದು ನೋಡಿದೆವು. ಹುಣ್ಣಿಮೆ-ಅಮಾವಾಸ್ಯೆಗೆ ಸಂಬಂಧ ಇರಬೇಕು, ಇಷ್ಟು ಸಲ ಹೊಡೆದರೆ ಏನೋ ಬಾಗಿಲು ತೆರೆಯುತ್ತದೆ ಅಂತ ತಿಂಗಳುಗಟ್ಟಲೆ ಹೊಡೆದೆವು. ಏನೂ ತೆರೆಯಲಿಲ್ಲ. ಈಚೆಗೆ ಆ ಆಟಗಳ ತಾಂತ್ರಿಕ ಮುಖ್ಯಸ್ಥರಾಗಿದ್ದ ಓಬೆ ವರ್ಮೈ ಕಾರಣ ಹೇಳಿದರು. 2001ರ ಜಿಟಿಎ 3 ಮಾಡುವಾಗ ಅವರು ಆಕಾಶಕ್ಕೆ ಒಂದು ಚಂದ್ರ ಹಾಕಿದರು. ಕಲಾವಿದರು ಬಂದು ಅಳತೆಯ ಮೇಲೆ ಜಗಳ ಶುರು ಮಾಡಿದರು. ಕೆಲವರಿಗೆ ನಿಜದ ಹಾಗೆ ಸಣ್ಣದು ಬೇಕು, ಕೆಲವರಿಗೆ ಸಿನಿಮಾದ ಹಾಗೆ ದೊಡ್ಡದು. ನೀವೇ ಆಡಿ ನೋಡಿ ಆರಿಸಿ ಅಂತ ಇವರು ಬಂದೂಕಿನಿಂದ ಹೊಡೆದರೆ ಅಳತೆ ಬದಲಾಗುವ ಹಾಗೆ ಮಾಡಿಕೊಟ್ಟರು. ಅವರು ತಿರುಗಿ ಬಂದು ಇದು ಬೇಕು ಅಂತ ಹೇಳಲೇ ಇಲ್ಲ. ಅದು ಹಾಗೇ ಉಳಿಯಿತು, ಮುಂದಿನ ಆಟಗಳಿಗೂ ಹೋಯಿತು. ನಮ್ಮ ತಿಂಗಳ ಪಾಕೆಟ್ ಮನಿ ಆ ಜಗಳಕ್ಕೆ ಹೋಯಿತು.

ಎಲ್ಲಕ್ಕೂ ಕೊರತೆ, ಬಾಕಿ, ಜಗಳವೇ ಕಾರಣ ಅಂತಲೂ ಅಲ್ಲ. ಬಾದಾಮಿಯ ಮೊದಲನೇ ಗುಹೆಗೆ ಹೋದರೆ ಎಲ್ಲರೂ ಹದಿನೆಂಟು ಕೈಯ ನಟರಾಜನ ಮುಂದೆ ಸೆಲ್ಫಿ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಎದುರಿನ ಬದಿಯಲ್ಲಿ ದ್ವಾರಪಾಲಕ ಇದ್ದಾನೆ. ಅವನ ಕೆಳಗೆ ಬಗ್ಗಿ ನೋಡಿ. ಒಂದು ಆನೆ, ಒಂದು ಎತ್ತು, ಎರಡಕ್ಕೂ ಸೇರಿ ತಲೆ ಒಂದೇ. ಒಂದು ಕಡೆಯ ಮೈ ಮುಚ್ಚಿ ನೋಡಿದರೆ ಆನೆ, ಇನ್ನೊಂದು ಕಡೆ ಮುಚ್ಚಿದರೆ ಎತ್ತು. ಮೋಡ-ಪೊದೆಯ ಲೆಕ್ಕವೇ. ಆದರೆ ಅಲ್ಲಿ ಕಲ್ಲಿಗೇನು ಬರ ಇತ್ತು? ಗುಡ್ಡಕ್ಕೆ ಗುಡ್ಡವೇ ಇತ್ತು. ಇದು ಮಾಡಿದವನ ಚೇಷ್ಟೆ. ನೋಡೋಣ, ಯಾರ ಕಣ್ಣಿಗೆ ಬೀಳುತ್ತದೆ ಅನ್ನುವ ಚೇಷ್ಟೆ. ಅಲ್ಲಿಯೇ ಜಗಲಿಯ ಕೆಳಗಿನ ಪಟ್ಟಿಯಲ್ಲಿ ಕುಳ್ಳ ಗಣಗಳು ಸಾಲಾಗಿ ಕುಣಿಯುತ್ತಿವೆ, ಒಬ್ಬನದು ಒಂದು ಭಂಗಿ. ಶಾಲೆಯ ಹುಡುಗರು ಅವುಗಳ ಮೇಲೆ ಬ್ಯಾಗ್ ಒರಗಿಸಿ ಚುರುಮುರಿ ತಿನ್ನುತ್ತಾರೆ. ಕಾಕಾ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ನಟರಾಜನಿಗೆ ಕೈ ಮುಗಿದು ನೇರ ಆ ಆನೆ-ಎತ್ತಿನ ಹತ್ತಿರ ಹೋಗುತ್ತಿದ್ದ.

2015. ಆ ಹೊತ್ತಿಗೆ ನಾನು ನವನಗರದಲ್ಲಿ ಫ್ಲೆಕ್ಸ್ ಅಂಗಡಿ ಹಾಕಿದ್ದೆ. ಕಾಕಾ ಪರದೆ ಬರೆಯುವುದು ಬಿಟ್ಟಿದ್ದ. ಬಿಟ್ಟಿದ್ದ ಅನ್ನುವುದಕ್ಕಿಂತ, ಬರೆಸುವವರು ಇರಲಿಲ್ಲ. ಕಂಪನಿಗಳೂ ಫ್ಲೆಕ್ಸ್ ಮೇಲೆಯೇ ಅರಮನೆ ಪ್ರಿಂಟ್ ಹಾಕಿಸುತ್ತಿದ್ದವು. ಅವನ ಅನ್ನ ಕಿತ್ತ ಮಷೀನಿನಲ್ಲಿ ನಾನು ಅನ್ನ ತಿನ್ನುತ್ತಿದ್ದೆ. ಅವನು ಒಂದು ದಿನವೂ ಆ ಮಾತು ಎತ್ತಲಿಲ್ಲ. ಅಂಗಡಿಗೆ ಬಂದಾಗ ಪ್ರಿಂಟ್ ಆಗುತ್ತಿರುವ ಬ್ಯಾನರ್ ನೋಡಿ "ನೆರಳ ಎಲ್ಲೈತಿ ಇದರಾಗ?" ಅಂತ ಮಾತ್ರ ಕೇಳುತ್ತಿದ್ದ.

ಸೆಪ್ಟೆಂಬರಿನಲ್ಲಿ, ಮಾರಿಯೋ ಆಟಕ್ಕೆ ಮೂವತ್ತು ವರ್ಷ ತುಂಬಿದ ನೆಪದಲ್ಲಿ, ಆ ಆಟ ಮಾಡಿದ ಜಪಾನಿನ ಕಂಪನಿ ನಿಂಟೆಂಡೋದವರು ಒಂದು ಪುಟ್ಟ ವಿಡಿಯೋ ಬಿಟ್ಟರು. ಮಾರಿಯೋನ ಜನಕ ಶಿಗೆರು ಮಿಯಾಮೊಟೊ ಕೂತಿದ್ದಾರೆ. ಜನರಲ್ಲಿ ಹಬ್ಬಿದ ಗಾಳಿಮಾತುಗಳನ್ನು ಒಂದೊಂದಾಗಿ ಕೇಳುತ್ತಾರೆ, ಅವರು ಹೌದು ಅಥವಾ ಇಲ್ಲ ಅಂತ ತಲೆ ಆಡಿಸುತ್ತಾರೆ. ಅದರಲ್ಲಿ ಒಂದು: ಮಾರಿಯೋ 3 ಪೂರ್ತಿ ಒಂದು ನಾಟಕವೇ? ಮಿಯಾಮೊಟೊ ತಲೆ ಆಡಿಸಿದರು. ಹೌದು.

ಮಷೀನ್ ನಿಲ್ಲಿಸಿ ಕಾಕಾನಿಗೆ ಫೋನ್ ಹಚ್ಚಿದೆ.

"ಕಾಕಾ, ನೀ ಹೇಳಿದ್ದು ಖರೇ ಆತು. ಅದು ನಾಟಕ ಅಂತ."

"ಯಾವದು?"

"ಮಾರಿಯೋ. ಆಕಾಶದ ಮ್ಯಾಲ ನೆರಳ ಬಿದ್ದಿತ್ತಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಯಾರ ಹೇಳಿದ್ರು?"

"ಮಾಡಿದಾತನ ಹೇಳ್ಯಾನ. ಜಪಾನಿನಾಂವ."

"ಹಂಗಾದ್ರ ಲೈಟಿನಾಂವಗ ನಾ ಸುಳ್ಳ ಬೈದೆ. ಬೇಕಂತ ಕೆಡವ್ಯಾರ ನೆರಳನ್ನ." ಆಮೇಲೆ ಕೇಳಿದ, "ಪಡದೆ ಬರದಾಂವನ ಹೆಸರ ಹೇಳಿದ್ರೇನು?"

ಇಲ್ಲ ಅಂದೆ. ಆ ಆಟ ಪೂರ್ತಿ ಗೆದ್ದರೂ ಕೊನೆಗೆ ಹೆಸರುಗಳ ಪಟ್ಟಿ ಬರುವುದಿಲ್ಲ. ಎಂಟು ಲೋಕಗಳ ಚಿತ್ರ ತೋರಿಸಿ, ಮುಗಿಯಿತು ಅಂತ ಬರೆಯುತ್ತಾರೆ, ಅಷ್ಟೇ. ಕಾಕಾ "ಹೂಂ" ಅಂದು ಫೋನ್ ಇಟ್ಟ.

ಆವತ್ತಿನಿಂದ ನನಗೂ ಹುಚ್ಚು ಹಿಡಿಯಿತು. ನನ್ನ ಫ್ಲೆಕ್ಸುಗಳಲ್ಲಿ ಮಂಗ ಕೂಡಿಸಲು ಶುರು ಮಾಡಿದೆ. ಮದುವೆ ಬ್ಯಾನರಿನ ಮಾವಿನ ತೋರಣದಲ್ಲಿ ಒಂದು, ಗಣೇಶ ಮಂಡಳಿಯ ಹಿಂದಿನ ಬೆಟ್ಟದಲ್ಲಿ ಒಂದು. ನಾಲ್ಕು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಒಬ್ಬ ಪುಢಾರಿಯ ಹುಟ್ಟುಹಬ್ಬಕ್ಕೆ ಇಪ್ಪತ್ತು ಅಡಿಯ ಬ್ಯಾನರ್ ಬಂತು. ಸಾಹೇಬರು ಕೈ ಮುಗಿದು ನಿಂತಿದ್ದಾರೆ, ಹಿಂದೆ ಸೂರ್ಯೋದಯ, ಗಿಡ, ಹೊಳೆ. ಗಿಡದಲ್ಲಿ ಕೂಡಿಸಿದೆ. ಚಂದ ಕಾಣಲಿ ಅಂತ ಇಂಟರ್ನೆಟ್ಟಿನಿಂದ ಒಳ್ಳೆ ಫೋಟೋ ಆರಿಸಿದ್ದೆ. ಸರ್ಕಲ್ಲಿನಲ್ಲಿ ಕಟ್ಟಿದ ಒಂದು ತಾಸಿಗೆ ಹುಡುಗರು ಐದು ಬೈಕಿನಲ್ಲಿ ಬಂದರು. "ಯಾರ್ರೀ ಇದು, ನಮ್ಮ ಸಾಹೇಬರ ಹೆಗಲ ಹಿಂದ ಹಲ್ಲ ಕಿಸದು ನಿಂತಾಂವ?" ಕಂಪ್ಯೂಟರ್ ತಪ್ಪು ಅಂದೆ, ವೈರಸ್ ಅಂದೆ, ಯಾವುದೂ ನಡೆಯಲಿಲ್ಲ. ರಾತ್ರೋರಾತ್ರಿ ಬೇರೆ ಹೊಡೆದು ಕೊಡಬೇಕಾಯಿತು, ದುಡ್ಡೂ ಬರಲಿಲ್ಲ.

ತಪ್ಪಾದ ಬ್ಯಾನರನ್ನು ಬಾದಾಮಿಗೆ ಒಯ್ದೆ, ಅವ್ವ ಮಳೆಗಾಲದಲ್ಲಿ ಕಟ್ಟಿಗೆಯ ಮೇಲೆ ಹೊದಿಸಲಿ ಅಂತ. ಕಾಕಾ ಅಂಗಳದಲ್ಲಿ ಅದನ್ನು ಪೂರ್ತಿ ಬಿಡಿಸಿ ಹಾಸಿದ. ಕಣ್ಣಿಗೆ ಪೊರೆಯ ಆಪರೇಷನ್ ಆಗಿ ಎರಡು ವಾರ ಆಗಿತ್ತು, ಕರಿ ಕನ್ನಡಕ ಹಾಕಿಕೊಂಡೇ ಬಗ್ಗಿ ಮೂಲೆಯಿಂದ ಮೂಲೆಗೆ ಹುಡುಕಿದ. ಮಂಗ ಸಿಕ್ಕ ಕೂಡಲೇ ಅದರ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ.

"ಮಾರಿ ಯಾಕ ತೋರ್ಸಿದಿ? ಬೆನ್ನ ಮಾಡಿ ಕೂಡಸಬೇಕಲೇ."